ಯೂನಿಫಾರಂ ಒಬ್ಬರದು, ಸಂಬಳ ಇನ್ನೊಬ್ಬರದು: ಕಾಯಂ ಕೆಲಸಕ್ಕೆ ಮುಂಚಿನ ಬ್ಯಾಕ್‌ಗ್ರೌಂಡ್ ಚೆಕ್

ನಮ್ಮ ಓಣಿಯ ಹುಡುಗ ಒಬ್ಬ ಎರಡೂವರೆ ವರ್ಷದಿಂದ ಹೈವೇ ಪಕ್ಕದ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ. ದೊಡ್ಡ ಕಂಪನಿಯ ಗೋದಾಮು. ಅವನ ಅಂಗಿಯ ಮೇಲೆ ಆ ಕಂಪನಿಯ ಹೆಸರು, ಕೊರಳಲ್ಲಿ ಆ ಕಂಪನಿಯ ಬಣ್ಣದ ಟ್ಯಾಗು. ಊರಲ್ಲಿ ಯಾರಾದರೂ ಕೇಳಿದರೆ ಅವರಮ್ಮ ಹೇಳುತ್ತಿದ್ದುದೂ ಆ ಕಂಪನಿಯ ಹೆಸರನ್ನೇ. ಈಚೆಗೆ ಅವನಿಗೆ ಬೇರೊಂದು ಕಡೆ ಪರ್ಮನೆಂಟ್ ಕೆಲಸ ಸಿಕ್ಕಿತು. ಆಫರ್ ಲೆಟರ್ ಬಂತು, ಬೆಣ್ಣೆದೋಸೆ ಕೊಡಿಸಿದ. ಹದಿನೈದು ದಿನ ಬಿಟ್ಟು ಸಂಜೆ ಹೊತ್ತು ಮನೆಗೆ ಬಂದ. ಮುಖ ಸಪ್ಪಗಿತ್ತು. "ಅಣ್ಣ, ಬಿಜಿವಿ ರೆಡ್ ಬಂದಿದೆ" ಅಂದ.

ಬಿಜಿವಿ ಅಂದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ನಮ್ಮ ಹಿಂದುಮುಂದು ವಿಚಾರಿಸುವುದು. ಮದುವೆಗೆ ಮುಂಚೆ ಹುಡುಗನ ಕಡೆಯವರನ್ನು ವಿಚಾರಿಸುವುದಿಲ್ಲವಾ, ಹಾಗೆ. ಅಲ್ಲಿ ಊರಿನವರ ಮಾತು ನಡೆಯುತ್ತದೆ. ಇಲ್ಲಿ ನಡೆಯುವುದು ಕಾಗದದ ಮಾತು ಮಾತ್ರ.

ಅವನ ಫಾರಂ ತೆಗೆಸಿ ನೋಡಿದೆ. 'ಹಿಂದಿನ ಉದ್ಯೋಗದಾತರು' ಅನ್ನುವ ಜಾಗದಲ್ಲಿ ಆ ದೊಡ್ಡ ಕಂಪನಿಯ ಹೆಸರು ಬರೆದಿದ್ದ. ವಿಚಾರಣೆ ಮಾಡುವವರು ಆ ಕಂಪನಿಯ ಎಚ್‌ಆರ್‌ಗೆ ಮೇಲ್ ಹಾಕಿದ್ದಾರೆ. ಅವರು ತಮ್ಮ ಪಟ್ಟಿ ನೋಡಿ "ಈ ಹೆಸರಿನ ಉದ್ಯೋಗಿ ನಮ್ಮಲ್ಲಿ ಇರಲಿಲ್ಲ" ಎಂದು ಉತ್ತರ ಕೊಟ್ಟಿದ್ದಾರೆ. ಸುಳ್ಳೇನೂ ಅಲ್ಲ. ಹುಡುಗನೂ ಸುಳ್ಳು ಬರೆದಿರಲಿಲ್ಲ. ಅವನು ಏಜೆನ್ಸಿ ಮೇಲೆ ಇದ್ದವನು. ಕೆಲಸ ಮಾಡಿದ್ದು ಒಂದು ಕಡೆ, ಸಂಬಳ ಬಂದಿದ್ದು ಇನ್ನೊಂದು ಕಡೆಯಿಂದ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಏಜೆನ್ಸಿ ಮೇಲೆ ದುಡಿದು ಕಾಯಂ ಕೆಲಸಕ್ಕೆ ಹೋಗುವ ಬಹಳ ಜನ ಎಡವುವುದು ಇಲ್ಲೇ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ನಾನೂ ಆರು ವರ್ಷ ಏಜೆನ್ಸಿ ಮೇಲೆ ದುಡಿದವನೇ.

ಯಾರು ಯಾರನ್ನು ಕೇಳುತ್ತಾರೆ?

ನಿಮಗೆ ಕೆಲಸ ಕೊಡುವ ಕಂಪನಿ ಸಾಮಾನ್ಯವಾಗಿ ತಾನೇ ವಿಚಾರಿಸುವುದಿಲ್ಲ. ಅದಕ್ಕೆಂದೇ ಇರುವ ಒಂದು ಸಂಸ್ಥೆಗೆ ಒಪ್ಪಿಸುತ್ತದೆ. ನೀವು ತುಂಬಿದ ಫಾರಂ ಅವರ ಕೈಗೆ ಹೋಗುತ್ತದೆ. ಅಲ್ಲಿ ಕೂತ ಒಬ್ಬರು ನೀವು ಬರೆದ ಒಂದೊಂದು ಸಾಲನ್ನೂ ಬೇರೆ ಯಾವುದಾದರೂ ದಾಖಲೆಯ ಪಕ್ಕ ಇಟ್ಟು ನೋಡುತ್ತಾರೆ. ಗುರುತು, ವಿಳಾಸ, ಓದು, ಹಿಂದಿನ ಕೆಲಸ, ಕೋರ್ಟು ಕೇಸು. ಬ್ಯಾಂಕ್, ಫೈನಾನ್ಸ್ ಕೆಲಸವಾದರೆ ಸಿಬಿಲ್, ಅಂದರೆ ಸಾಲ ತೀರಿಸಿದ ಲೆಕ್ಕ ಕೂಡ. ಎಲ್ಲ ಹೊಂದಿದರೆ ಹಸಿರು. ಸಣ್ಣ ವ್ಯತ್ಯಾಸ ಇದ್ದರೆ ಅಥವಾ ಆ ಕಡೆಯಿಂದ ಉತ್ತರವೇ ಬರದಿದ್ದರೆ ಹಳದಿ. ದೊಡ್ಡ ವ್ಯತ್ಯಾಸ ಕಂಡರೆ ಕೆಂಪು.

ಇದರಲ್ಲಿ ಒಂದು ಮಾತು ಗಮನದಲ್ಲಿರಲಿ. ಆ ಕೂತವರು ನಿಮ್ಮನ್ನು ನೋಡಿಲ್ಲ. ನೀವು ಒಳ್ಳೆಯವರಾ ಕೆಟ್ಟವರಾ ಅನ್ನುವುದು ಅವರ ಕೆಲಸ ಅಲ್ಲ. ಎರಡು ಕಾಗದ ಒಂದೇ ಮಾತು ಹೇಳುತ್ತಿವೆಯಾ, ಅಷ್ಟೇ. ಹೇಳದಿದ್ದರೆ ಬಣ್ಣ ಬದಲಾಗುತ್ತದೆ. ಕೆಲಸ ಕೊಡಬೇಕಾ ಬೇಡವಾ ಅಂತ ತೀರ್ಮಾನ ಮಾಡುವುದು ಕಂಪನಿಯ ಎಚ್‌ಆರ್. ಹಾಗಾಗಿ ಕೆಂಪು ಬಂದರೆ ಕತೆ ಮುಗಿಯಿತು ಅಂತಲ್ಲ. ಮಾತಾಡಲು ಜಾಗ ಇರುತ್ತದೆ.

ಇನ್ನೊಂದು ಪ್ರಶ್ನೆ ಜಾಸ್ತಿ ಕೇಳುತ್ತಾರೆ. "ಇದೇ ಫ್ಯಾಕ್ಟರಿಯಲ್ಲಿ ಮೂರು ವರ್ಷದಿಂದ ಇದ್ದೇನೆ. ಈಗ ಇವರೇ ಕಂಪನಿ ರೋಲ್‌ಗೆ ತಗೊಳ್ತಿದ್ದಾರೆ. ದಿನಾ ಮುಖ ನೋಡಿದವರು ಈಗ ಯಾಕೆ ವಿಚಾರಿಸಬೇಕು?" ಬೇಜಾರಾಗುವುದು ಸಹಜ. ಆದರೆ ಕಾಗದದ ಲೆಕ್ಕದಲ್ಲಿ ಆ ಕಂಪನಿ ನಿಮ್ಮನ್ನು ಇವತ್ತೇ ಮೊದಲ ಸಲ ನೋಡುತ್ತಿದೆ. ಇಷ್ಟು ದಿನ ನಿಮ್ಮ ಧಣಿ ಏಜೆನ್ಸಿ. ಸೂಪರ್‌ವೈಸರ್ ನಿಮ್ಮನ್ನು "ತಮ್ಮಾ" ಅಂತ ಕರೆದರೂ ಅವರ ಎಚ್‌ಆರ್ ಫೈಲಿನಲ್ಲಿ ನಿಮ್ಮ ಹೆಸರಿರಲಿಲ್ಲ.

ನಿಮ್ಮ ಧಣಿ ಯಾರು ಅಂತ ಮೊದಲು ನೀವೇ ಪತ್ತೆ ಮಾಡಿ

ತಮಾಷೆಯಲ್ಲ, ಬಹಳ ಜನಕ್ಕೆ ತಮ್ಮ ಏಜೆನ್ಸಿಯ ಸರಿಯಾದ ಹೆಸರೇ ಗೊತ್ತಿರುವುದಿಲ್ಲ. ಹಾಜರಿ ಹಾಕುವ ಕಂಟ್ರಾಕ್ಟರ್ ಹೆಸರು ಗೊತ್ತಿರುತ್ತದೆ. ಅವನ ಮೇಲೆ ಒಂದು ಕಂಪನಿ, ಅದರ ಆಫೀಸು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತದೆ.

ಪತ್ತೆ ಮಾಡಲು ಒಳ್ಳೆಯ ಜಾಗ ಪಿಎಫ್. 2014ರಿಂದ ಪಿಎಫ್ ಇರುವ ಪ್ರತಿ ಕೆಲಸಗಾರನಿಗೂ ಯುಎಎನ್ ಅನ್ನುವ 12 ಅಂಕಿಯ ನಂಬರ್ ಇದೆ. ಕೆಲಸ ಎಷ್ಟು ಬದಲಾದರೂ ನಂಬರ್ ಒಂದೇ. ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸಂಸ್ಥೆಯ ಪೋರ್ಟಲ್‌ಗೆ ಹೋಗಿ 'ಸರ್ವಿಸ್ ಹಿಸ್ಟರಿ' ತೆರೆಯಿರಿ. ನೀವು ಯಾವ ಸಂಸ್ಥೆಯಲ್ಲಿ, ಯಾವ ದಿನ ಸೇರಿದಿರಿ, ಯಾವ ದಿನ ಬಿಟ್ಟಿರಿ ಅಂತ ಸಾಲಾಗಿ ಇರುತ್ತದೆ. ಮೊಬೈಲಿನಲ್ಲಿ ಉಮಂಗ್ ಆಪ್‌ನಿಂದ ಪಾಸ್‌ಬುಕ್ಕೂ ನೋಡಬಹುದು. ವಿಚಾರಿಸುವವರು ಕೊನೆಗೆ ಬಂದು ನಿಲ್ಲುವುದೂ ಇದೇ ಪಟ್ಟಿಯ ಮುಂದೆ. ಅವರಿಗಿಂತ ಮುಂಚೆ ನೀವು ನೋಡಿರಬೇಕು.

ಸಂಬಳ 21,000 ರೂಪಾಯಿಯ ಒಳಗಿದ್ದು ಇಎಸ್‌ಐ ಹಿಡಿಯುತ್ತಿದ್ದರೆ ಅದರ ಗುರುತಿನ ಚೀಟಿಯಾದ ಇ-ಪೆಹಚಾನ್ ಕಾರ್ಡಿನಲ್ಲಿಯೂ ಧಣಿಯ ಹೆಸರಿರುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಸಂಬಳ ಬಿದ್ದ ಸಾಲಿನ ಪಕ್ಕ ಯಾರ ಹೆಸರಿದೆ ನೋಡಿ. ಈ ಮೂರರಲ್ಲೂ ಒಂದೇ ಹೆಸರಿದ್ದರೆ ಅದೇ ನಿಮ್ಮ ಧಣಿ. ಫಾರಂನಲ್ಲಿ ಅದನ್ನೇ ಬರೆಯಬೇಕು, ಪಿಎಫ್ ಪಾಸ್‌ಬುಕ್ಕಿನಲ್ಲಿರುವ ಸ್ಪೆಲಿಂಗ್‌ನಲ್ಲೇ.

ಹಾಗಾದರೆ ದೊಡ್ಡ ಕಂಪನಿಯ ಹೆಸರು ಬರೆಯುವುದೇ ಬೇಡವಾ? ಬರೆಯಿರಿ. ಮೂರು ವರ್ಷ ಅಲ್ಲಿ ಕಲಿತ ಕೆಲಸ ನಿಮ್ಮದೇ. ಆದರೆ ಜಾಗ ಬೇರೆ. ಧಣಿಯ ಜಾಗದಲ್ಲಿ ಏಜೆನ್ಸಿಯ ಹೆಸರು. ಹುದ್ದೆಯ ಜಾಗದಲ್ಲೋ ಷರಾ ಜಾಗದಲ್ಲೋ "ಇಂಥ ಕಂಪನಿಯ ಇಂಥ ಘಟಕದಲ್ಲಿ ಏಜೆನ್ಸಿ ಮೂಲಕ ನಿಯೋಜನೆ" ಎಂದು ಒಂದು ಸಾಲು. ರೆಸ್ಯೂಮ್‌ನಲ್ಲೂ ಹೀಗೇ ಇರಲಿ. ರೆಸ್ಯೂಮ್‌ನಲ್ಲಿ ಒಂದು, ಫಾರಂನಲ್ಲಿ ಇನ್ನೊಂದು ಇದ್ದರೆ ಅದೂ ಒಂದು ವ್ಯತ್ಯಾಸವೇ. ಇಂಟರ್‌ವ್ಯೂನಲ್ಲಿ ಕೂಡ ಮುಚ್ಚಿಡಬೇಡಿ. ಏಜೆನ್ಸಿ ಮೇಲೆ ಇದ್ದೆ ಅಂದರೆ ಬೆಲೆ ಕಡಿಮೆಯಾಗುತ್ತದೆ ಅಂತ ಹುಡುಗರಿಗೆ ಭಯ. ಕೇಳುವ ಎಚ್‌ಆರ್‌ಗೆ ಇದು ಹೊಸದೇನಲ್ಲ.

ಇನ್ನೊಂದು ಗಂಟು ಟೆಂಡರಿನದು. ಎಷ್ಟೋ ಕಡೆ ವರ್ಷಕ್ಕೋ ಎರಡು ವರ್ಷಕ್ಕೋ ಕಂಟ್ರಾಕ್ಟ್ ಬದಲಾಗುತ್ತದೆ. ಸರ್ಕಾರಿ ಕಚೇರಿಯ ಹೊರಗುತ್ತಿಗೆಯಲ್ಲಂತೂ ಇದು ಮಾಮೂಲು. ನೀವು ಅದೇ ಕುರ್ಚಿಯಲ್ಲಿ ಕೂತಿರುತ್ತೀರಿ, ಅದೇ ಕಂಪ್ಯೂಟರು, ಅದೇ ಸಾಹೇಬರು. ಕಾಗದದಲ್ಲಿ ಮಾತ್ರ ಐದು ವರ್ಷಕ್ಕೆ ಮೂವರು ಧಣಿಗಳು. ನೀವು "ಐದು ವರ್ಷ, ಒಂದೇ ಏಜೆನ್ಸಿ" ಅಂತ ಬರೆದರೆ ಪಿಎಫ್ ಪಟ್ಟಿಯಲ್ಲಿ ಮೂರು ಸಾಲು ಕಾಣುತ್ತದೆ. ಎರಡು ಕೆಲಸ ಮುಚ್ಚಿಟ್ಟಂತೆ ತೋರುತ್ತದೆ. ಮೂರನ್ನೂ ಬೇರೆ ಬೇರೆ ಬರೆಯಿರಿ, "ಕೆಲಸದ ಜಾಗ ಒಂದೇ, ಟೆಂಡರ್ ಬದಲಾಯಿತು" ಎಂದು ಪಕ್ಕದಲ್ಲಿ ಹಾಕಿ.

ಇದರ ಜೊತೆಗೇ ಬರುವ ತೊಂದರೆ ಎಕ್ಸಿಟ್ ಡೇಟ್. ಹಳೆ ಏಜೆನ್ಸಿ ಟೆಂಡರ್ ಕಳಕೊಂಡ ಮೇಲೆ ನಿಮ್ಮ ಕೊನೆಯ ದಿನ ಹಾಕುವುದನ್ನೇ ಮರೆಯುತ್ತದೆ. ಹೊಸದು ಸೇರಿದ ದಿನ ಹಾಕಿಬಿಡುತ್ತದೆ. ನೋಡುವವರಿಗೆ ನೀವು ಒಂದೇ ಹೊತ್ತಿಗೆ ಎರಡು ಕಡೆ ಕೆಲಸ ಮಾಡಿದಂತೆ ಕಾಣುತ್ತದೆ. ಮನೆಯಿಂದ ಕೆಲಸ ಶುರುವಾದ ಮೇಲೆ ಕಂಪನಿಗಳು ಇದನ್ನೇ ಕಣ್ಣಲ್ಲಿ ಕಣ್ಣಿಟ್ಟು ಹುಡುಕುತ್ತವೆ. ಸರಿಮಾಡುವ ದಾರಿ ಇದೆ. ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳು ಕಳೆದರೆ ಪೋರ್ಟಲ್‌ನ 'ಮಾರ್ಕ್ ಎಕ್ಸಿಟ್'ನಲ್ಲಿ ನೀವೇ ತಾರೀಕು ಹಾಕಬಹುದು. ಆಧಾರ್ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ಆದರೆ ಯೋಚಿಸಿ ಹಾಕಿ. ಒಮ್ಮೆ ಬಿದ್ದ ತಾರೀಕನ್ನು ಬದಲಿಸುವುದು ದೊಡ್ಡ ತಲೆನೋವು.

ಪಿಎಫ್ ಇಲ್ಲದ ಕೆಲಸ

ಪಿಎಫ್ ಕಾಯ್ದೆ ಸಾಮಾನ್ಯವಾಗಿ 20 ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅನ್ವಯ. ಮಂಡಿಪೇಟೆಯ ಅಂಗಡಿ, ಬಟ್ಟೆ ಮಳಿಗೆ, ಸಣ್ಣ ವರ್ಕ್‌ಶಾಪು, ಆಡಿಟರ್ ಆಫೀಸು, ಇಲ್ಲೆಲ್ಲ ಐದಾರು ಜನ ಇರುತ್ತಾರೆ. ಪಿಎಫ್ ಇರುವುದಿಲ್ಲ. ಎಷ್ಟೋ ಕಡೆ ಸಂಬಳ ಕವರಿನಲ್ಲಿ. ಅದೂ ಕೆಲಸವೇ, ಅನುಭವವೇ. ಸಾಬೀತು ಮಾಡುವುದು ಕಷ್ಟ, ಅಷ್ಟೇ.

ಇಲ್ಲಿ ಮಾಲೀಕರ ಪತ್ರವೇ ಆಧಾರ. ಲೆಟರ್‌ಹೆಡ್ ಮೇಲೆ ಇರಲಿ. ಅಂಗಡಿಯ ವಿಳಾಸ, ಜಿಎಸ್‌ಟಿ ನಂಬರ್ ಇದ್ದರೆ ಅದು, ಫೋನ್ ನಂಬರ್, ಯಾವ ದಿನದಿಂದ ಯಾವ ದಿನದವರೆಗೆ, ಏನು ಕೆಲಸ. ಸಂಬಳ ಫೋನ್‌ಪೇಯಲ್ಲೋ ಬ್ಯಾಂಕಿನಲ್ಲೋ ಬಂದಿದ್ದರೆ ಸ್ಟೇಟ್‌ಮೆಂಟ್ ಜೊತೆಗಿಡಿ.

ಪತ್ರ ಕೊಟ್ಟರೆ ಮುಗಿಯಲಿಲ್ಲ. ಪರಿಚಯದ ಹುಡುಗಿಯೊಬ್ಬಳ ವಿಷಯದಲ್ಲಿ ಹೀಗಾಯಿತು. ಅವಳು ಎರಡು ವರ್ಷ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಮಾಡಿದ್ದಳು. ವಿಚಾರಣೆಯವರು ಮಾಲೀಕರಿಗೆ ಫೋನ್ ಮಾಡಿದರು. ಆ ಕಡೆಯಿಂದ ಹಿಂದಿ, ಅದೂ ಗಡಿಬಿಡಿಯ ಹಿಂದಿ. "ನಿಮ್ಮಲ್ಲಿ ಇಂಥವರು ಕೆಲಸ ಮಾಡಿದ್ದಾರಾ, ಸಂಬಳ ಎಷ್ಟು ಕೊಡುತ್ತಿದ್ದಿರಿ" ಅಂತ ಕೇಳಿದ್ದಾರೆ. ಸಂಬಳ ಅಂದ ಕೂಡಲೇ ಯಜಮಾನರಿಗೆ ಇದು ಸೈಬರ್ ಕಳ್ಳರದ್ದೋ ತೆರಿಗೆಯವರದ್ದೋ ಅನ್ನಿಸಿತು. "ಅಂಥವರು ಯಾರೂ ಇಲ್ಲ" ಅಂತ ಫೋನ್ ಇಟ್ಟರು. ಪಾಪ, ಅವಳಿಗೆ ಒಳ್ಳೆಯದು ಮಾಡಿದೆ ಅಂತಲೇ ಅಂದುಕೊಂಡಿದ್ದರು. ರಿಪೋರ್ಟಿನಲ್ಲಿ ಕೆಂಪು.

ಹಾಗಾಗಿ ಫಾರಂ ಕಳಿಸಿದ ದಿನವೇ ಹೋಗಿ ಮಾಲೀಕರಿಗೆ ಹೇಳಿ ಬನ್ನಿ. "ಹೀಗೆ ಫೋನ್ ಬರಬಹುದು, ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳಬಹುದು, ಮೇಲ್ ಮಾಡಿ ಅಂತ ಹೇಳಿಬಿಡಿ." ಮೇಲ್‌ಗೆ ಉತ್ತರ ಬರೆಯಲು ನೀವೇ ಕೂತು ಸಹಾಯ ಮಾಡಿದರೂ ತಪ್ಪಿಲ್ಲ, ಅವರು ಓದಿ ಒಪ್ಪಿ ತಮ್ಮ ಮೇಲ್‌ನಿಂದ ಕಳಿಸಬೇಕು.

ಇನ್ನು ಮುಚ್ಚಿಹೋದ ಜಾಗಗಳು. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮುಚ್ಚಿದ ಕಾರ್ಖಾನೆ ನಮಗೆ ಹೊಸದಲ್ಲ. ನೀವು ದುಡಿದ ಜಾಗ ಈಗ ಇಲ್ಲದಿದ್ದರೆ ಅದನ್ನೇ ಬರೆಯಿರಿ. ಹಳೆ ಪಿಎಫ್ ಪಾಸ್‌ಬುಕ್, ಹಳೆ ಸಂಬಳದ ಚೀಟಿ, ಐಡಿ ಕಾರ್ಡಿನ ಫೋಟೋ ಕೊಡಿ. 'ವಿಚಾರಿಸಲು ಆಗಲಿಲ್ಲ' ಅಂತ ಬರುತ್ತದೆ. ಅದು ಹಳದಿ, ಕೆಂಪಲ್ಲ.

ಮಾರಾಟಕ್ಕಿರುವ ಅನುಭವ ಪತ್ರದ ತಂಟೆಗೆ ಮಾತ್ರ ಹೋಗಬೇಡಿ. ಸುಮ್ನೆ ಹೆಸರಿಗೆ ಒಂದು ಕಂಪನಿ ಮಾಡಿಕೊಂಡು ಎರಡು ಮೂರು ಸಾವಿರಕ್ಕೆ ಪತ್ರ ಬರೆದುಕೊಡುವವರು ಇದ್ದಾರೆ. ವಿಚಾರಣೆ ಮಾಡುವವರ ಬಳಿ ಇಂಥ ಕಂಪನಿಗಳ ಪಟ್ಟಿಯೇ ಇರುತ್ತದೆ. ಕೆಲಸ ಸೇರಿ ಎರಡು ವರ್ಷ ಆದಮೇಲೆ ಸಿಕ್ಕಿಬಿದ್ದು ಮನೆಗೆ ಬಂದವರನ್ನು ನೋಡಿದ್ದೇನೆ.

ಹೆಸರು, ಇನಿಷಿಯಲ್, ಜಿಲ್ಲೆ

ನಮ್ಮ ಕಡೆಯವರಿಗೆ ಇದು ಬೇರೆಯವರಿಗಿಂತ ದೊಡ್ಡ ಗೋಜಲು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಬಸವರಾಜ ಕೆ ಎಚ್'. ಆಧಾರ್‌ನಲ್ಲಿ 'ಬಸವರಾಜಪ್ಪ'. ಪ್ಯಾನ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕು ಅಂದರು, ಅಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಸೇರಿತು. ಏಜೆನ್ಸಿಯವನು ಪಿಎಫ್‌ಗೆ ಹಾಕುವಾಗ 'ಬಸವರಾಜ್' ಅಂತ ಹೊಡೆದ. ಮನೆಯವರಿಗೆ ಎಲ್ಲ ಒಬ್ಬನೇ ಬಸವ. ಕಂಪ್ಯೂಟರ್‌ಗೆ ನಾಲ್ಕು ಜನ.

ಇದರಲ್ಲಿ ನನ್ನದೊಂದು ಖಚಿತ ಅಭಿಪ್ರಾಯ ಇದೆ. ಎಸ್ಸೆಸ್ಸೆಲ್ಸಿಯನ್ನು ಗೂಟ ಅಂದುಕೊಳ್ಳಿ, ಮಿಕ್ಕಿದ್ದನ್ನು ಅದಕ್ಕೆ ಕಟ್ಟಿ. ಅಂಕಪಟ್ಟಿಯ ಹೆಸರು ಬದಲಿಸಬೇಕೆಂದರೆ ಶಾಲೆ, ಇಲಾಖೆ, ಮಂಡಳಿ ಅಂತ ತಿಂಗಳುಗಟ್ಟಲೆ ಅಲೆಯಬೇಕು. ಆಧಾರ್, ಪ್ಯಾನ್, ಪಿಎಫ್ ಬದಲಿಸುವುದು ಅದಕ್ಕಿಂತ ಸುಲಭ. ಪಿಎಫ್‌ನಲ್ಲಿ 2025ರ ಜನವರಿಯಿಂದ ಇನ್ನೂ ಸಲೀಸಾಗಿದೆ. ನಿಮ್ಮ ಯುಎಎನ್ 1 ಅಕ್ಟೋಬರ್ 2017ರ ನಂತರದ್ದಾಗಿದ್ದು ಆಧಾರ್ ಜೋಡಣೆ ಆಗಿದ್ದರೆ ಹೆಸರು, ಹುಟ್ಟಿದ ದಿನದಂಥ ವಿವರಗಳನ್ನು ಏಜೆನ್ಸಿಯ ಒಪ್ಪಿಗೆಗೆ ಕಾಯದೆ ಪೋರ್ಟಲ್‌ನಲ್ಲಿ ನೀವೇ ತಿದ್ದಿಕೊಳ್ಳಬಹುದು. ಅದಕ್ಕಿಂತ ಹಳೆಯದಾದರೆ ಧಣಿಯ ಕಡೆಯಿಂದಲೂ ಒಪ್ಪಿಗೆ ಬೇಕು. ಅಲ್ಲಿಯವರೆಗೆ ತುರ್ತಿಗೆ ನೋಟರಿ ಮುಂದೆ ಒಂದು ಅಫಿಡವಿಟ್: ಈ ಎರಡೂ ಹೆಸರು ನನ್ನದೇ.

ಜಿಲ್ಲೆಯದು ಇನ್ನೂ ಮಜಾ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ಹರಪನಹಳ್ಳಿ ಬಳ್ಳಾರಿಯಿಂದ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಹರಪನಹಳ್ಳಿಯ ಮೂವತ್ತೈದು ವರ್ಷದ ಒಬ್ಬ ಮನೆ ಬಿಟ್ಟು ಕದಲದೆ ಮೂರು ಜಿಲ್ಲೆ ನೋಡಿದ್ದಾನೆ! ಅವನ ಹುಟ್ಟಿದ ದಾಖಲೆಯಲ್ಲಿ ಒಂದು, ಕಾಲೇಜಿನ ಟಿಸಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಗುರುಗ್ರಾಮದಲ್ಲೋ ನೊಯ್ಡಾದಲ್ಲೋ ಕೂತು ಇದನ್ನು ನೋಡುವವರಿಗೆ ಏನು ಅರ್ಥವಾಗಬೇಕು? ಫಾರಂ ಜೊತೆ ಎರಡು ಸಾಲು ಬರೆದು ಕಳಿಸಿ: ಊರು ಒಂದೇ, ಜಿಲ್ಲೆ ಮರುವಿಂಗಡಣೆ ಆಗಿದೆ.

ಯೂನಿವರ್ಸಿಟಿಯ ಕತೆಯೂ ಹೀಗೇ. ದಾವಣಗೆರೆ ವಿಶ್ವವಿದ್ಯಾನಿಲಯ ಶುರುವಾಗಿದ್ದು 2009ರಲ್ಲಿ. ಅದಕ್ಕೆ ಮುಂಚೆ ದಾವಣಗೆರೆ, ಚಿತ್ರದುರ್ಗದ ಡಿಗ್ರಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕೆಳಗಿದ್ದವು. ಆ ಹೊತ್ತಿನಲ್ಲಿ ಓದಿದವರು ನೆನಪಿನಿಂದ ಬರೆಯಬೇಡಿ. ಸರ್ಟಿಫಿಕೇಟ್ ಎದುರಿಗಿಟ್ಟುಕೊಂಡು ಅದರ ಮೇಲಿರುವ ಹೆಸರನ್ನೇ ಬರೆಯಿರಿ. ತಪ್ಪು ಯೂನಿವರ್ಸಿಟಿಗೆ ಪತ್ರ ಹೋದರೆ "ಈ ನಂಬರಿನ ವಿದ್ಯಾರ್ಥಿ ನಮ್ಮಲ್ಲಿಲ್ಲ" ಎಂದೇ ಉತ್ತರ ಬರುತ್ತದೆ. ಊರಿನ ಹೆಸರೂ ಅಷ್ಟೇ. ದಾವಣಗೆರೆ ಅಂತ ಜಿಲ್ಲೆಯವರು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು 'ಎ' ಜಾಸ್ತಿ, ಯೂನಿವರ್ಸಿಟಿಯವರಿಗೆ ಅದು ಬೇಡ.

ಪಾಸಾದ ವರ್ಷ ಬರೆಯುವಾಗ ನಾನೇ ಒಮ್ಮೆ ಎಡವಿದ್ದೇನೆ. ಕಾಲೇಜು ಮುಗಿದ ವರ್ಷ ಬರೆದಿದ್ದೆ. ಒಂದು ಸಬ್ಜೆಕ್ಟ್ ಉಳಿದಿತ್ತು, ಅದನ್ನು ಮುಂದಿನ ವರ್ಷ ಮುಗಿಸಿದ್ದೆ. ಪದವಿ ಪತ್ರದಲ್ಲಿ ಆ ಮುಂದಿನ ವರ್ಷವೇ ಇತ್ತು. ನನಗದು ಮರೆತೇ ಹೋಗಿತ್ತು. ಅವರಿಗೆ ನಾನು ಬ್ಯಾಕ್‌ಲಾಗ್ ಮುಚ್ಚಿಟ್ಟಂತೆ ಕಂಡಿತು. ಹದಿನೆಂಟು ದಿನ ನಿದ್ದೆ ಇಲ್ಲ. ಫೇಲಾಗಿದ್ದು ದೊಡ್ಡ ವಿಷಯವೇ ಆಗಿರಲಿಲ್ಲ, ತಾರೀಕು ಹೊಂದದ್ದೇ ಗಲಾಟೆ. ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಸಿಗುವಂತಿದ್ದರೆ ಅಲ್ಲಿಂದಲೇ ಇಳಿಸಿಕೊಡಿ. ಝೆರಾಕ್ಸ್‌ಗಿಂತ ಅದಕ್ಕೆ ಬೆಲೆ ಜಾಸ್ತಿ.

ವಿಳಾಸದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕೆಲವರು ಮನೆಗೆ ಆಳು ಕಳಿಸುತ್ತಾರೆ, ಮನೆಯವರಿಗೆ ತಿಳಿಸಿರಿ. ಈಗ ಹೆಚ್ಚಾಗಿ ಮೊಬೈಲಿಗೆ ಲಿಂಕ್ ಬರುತ್ತದೆ. ಬಾಗಿಲು, ನಂಬರ್ ಫಲಕದ ಫೋಟೋ ತೆಗೆದು ಕಳಿಸಬೇಕು, ಅದರ ಜೊತೆ ನೀವು ನಿಂತ ಜಾಗವೂ ದಾಖಲಾಗುತ್ತದೆ. ಡ್ಯೂಟಿಯಲ್ಲಿದ್ದಾಗ ಲಿಂಕ್ ಒತ್ತಿ, ಮನೆಯ ಹಳೆ ಫೋಟೋ ಹಾಕಿ ಕೆಡಿಸಿಕೊಂಡವರಿದ್ದಾರೆ. ಮನೆ ಮುಂದೆ ನಿಂತೇ ತೆರೆಯಿರಿ.

ಕೇಸು ಇದ್ದರೆ

ಹಳ್ಳಿಯಲ್ಲಿ ಬದುವಿನ ಜಗಳ, ಗಣಪತಿ ಮೆರವಣಿಗೆಯ ತಳ್ಳಾಟ, ದಾಯಾದಿ ಜಗಳ, ಇಂಥದರಲ್ಲಿ ಎಫ್‌ಐಆರ್‌ಗೆ ಮನೆ ಮಂದಿಯ ಹೆಸರೆಲ್ಲ ಸೇರಿಬಿಡುತ್ತದೆ. ಊರಲ್ಲೇ ಇರದ ಹುಡುಗನ ಹೆಸರೂ ಇರುತ್ತದೆ. ಕೋರ್ಟು ದಾಖಲೆಗಳು ಇ-ಕೋರ್ಟ್ಸ್ ತಾಣದಲ್ಲಿ ಯಾರು ಬೇಕಾದರೂ ನೋಡುವಂತಿವೆ. ಹೆಸರು ಹಾಕಿದರೆ ಬರುತ್ತದೆ. ಒಮ್ಮೊಮ್ಮೆ ನಿಮ್ಮ ಹೆಸರಿನದೇ ಬೇರೊಬ್ಬನ ಕೇಸು ನಿಮ್ಮ ತಲೆಗೆ ಬರುವುದೂ ಉಂಟು. ಆಗ ಅಪ್ಪನ ಹೆಸರು, ಹುಟ್ಟಿದ ದಿನ ತೋರಿಸಿ ಬಿಡಿಸಿಕೊಳ್ಳಬೇಕು.

ಫಾರಂನ ಪ್ರಶ್ನೆಯನ್ನು ಎರಡು ಸಲ ಓದಿ. "ಶಿಕ್ಷೆಯಾಗಿದೆಯೇ" ಅನ್ನುವುದು ಒಂದು ಪ್ರಶ್ನೆ. "ಕೇಸು ಬಾಕಿ ಇದೆಯೇ" ಅನ್ನುವುದು ಬೇರೆ. "ಯಾವತ್ತಾದರೂ ಬಂಧನವಾಗಿತ್ತೇ" ಅನ್ನುವುದು ಇನ್ನೂ ಬೇರೆ. ಕೇಳಿದ್ದಕ್ಕೆ ನಿಜ ಹೇಳಿ. ಕೇಳದ್ದನ್ನು ಹೇಳಿಕೊಂಡು ಹೋಗಬೇಕಿಲ್ಲ.

ಸರ್ಕಾರಿ ಕೆಲಸದಲ್ಲಿ ಇದು ಇನ್ನೂ ಬಿಗಿ. ಪೊಲೀಸ್ ವೆರಿಫಿಕೇಶನ್ ಇರುತ್ತದೆ. ಮೀಸಲಾತಿಯಲ್ಲಿ ಬಂದವರಿಗೆ ಜಾತಿ ಪ್ರಮಾಣ ಪತ್ರ ಸರಿಯಿದೆ ಅನ್ನುವ ಸಿಂಧುತ್ವ ಪ್ರಮಾಣ ಪತ್ರವೂ ಬೇಕು. ಕೇಸು ಮುಚ್ಚಿಟ್ಟವರ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಅವತಾರ್ ಸಿಂಗ್ ಪ್ರಕರಣದಲ್ಲಿ ದಾರಿ ಹಾಕಿಕೊಟ್ಟಿದೆ. ಕೊಡುವ ಮಾಹಿತಿ ನಿಜವಿರಬೇಕು, ಮುಚ್ಚಿಡಬಾರದು. ಆದರೂ ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸಾದರೆ ಮುಚ್ಚಿಟ್ಟಿದ್ದನ್ನು ಕೂಡ ನೇಮಕ ಮಾಡುವವರು ಕ್ಷಮಿಸಬಹುದು. ಕಡ್ಡಾಯವಲ್ಲ, ಬಹುದು. ಆ 'ಬಹುದು' ನಂಬಿಕೊಂಡು ಮುಚ್ಚಿಡುವುದು ಜಾಣತನ ಅಲ್ಲ.

ಖಾಲಿ ತಿಂಗಳುಗಳು

ಏಜೆನ್ಸಿ ಕೆಲಸ ಅಂದಮೇಲೆ ನಡುವೆ ಖಾಲಿ ಇರುವುದೇ. ಕಂಟ್ರಾಕ್ಟ್ ಮುಗಿಯಿತು, ನಾಲ್ಕು ತಿಂಗಳು ಕೆಲಸ ಇಲ್ಲ. ಊರಿಗೆ ಹೋಗಿ ಮೆಕ್ಕೆಜೋಳ ನೋಡಿಕೊಂಡೆವು. ಅಪ್ಪನಿಗೆ ಆರೋಗ್ಯ ಕೆಟ್ಟಿತು. ಪರೀಕ್ಷೆಗೆ ಓದಿದೆವು. ಇದನ್ನು ಹೇಳಲು ನಾಚಿಕೊಂಡು ಹಿಂದಿನ ಕೆಲಸವನ್ನು ನಾಲ್ಕು ತಿಂಗಳು ಎಳೆಯುತ್ತಾರೆ. ಪಿಎಫ್ ಪಾಸ್‌ಬುಕ್ ತಿಂಗಳು ತಿಂಗಳಿನ ಲೆಕ್ಕ ಇಡುತ್ತದೆ, ಎಳೆದಿದ್ದು ಕೂಡಲೇ ಕಾಣುತ್ತದೆ. "ಮನೆಯ ಹೊಲ ನೋಡಿಕೊಂಡಿದ್ದೆ" ಅಂತ ಬರೆದಿದ್ದಕ್ಕೆ ಕೆಲಸ ತಪ್ಪಿದ ಒಬ್ಬರನ್ನೂ ನಾನು ಕಂಡಿಲ್ಲ.

ದುಡ್ಡು, ಓಟಿಪಿ, ರಾಜೀನಾಮೆ

ವಿಚಾರಣೆಯ ಖರ್ಚು ಕಂಪನಿಯದು. "ಬಿಜಿವಿ ಚಾರ್ಜ್ ಕಟ್ಟಿ, ಆಮೇಲೆ ವಾಪಸ್ ಕೊಡುತ್ತೇವೆ" ಅಂದರೆ ಅದು ಮೋಸ. ಪಿಎಫ್ ನೋಡಲು ಓಟಿಪಿ ಕೇಳುವ ಪದ್ಧತಿ ಈಗ ಇದೆ. ಆ ಲಿಂಕ್ ನಿಜಕ್ಕೂ ಕಂಪನಿಯವರದಾ ಅಂತ ಎಚ್‌ಆರ್‌ಗೆ ಕೇಳಿ ಖಚಿತ ಮಾಡಿಕೊಂಡು ನೀವೇ ಹಾಕಿ. ಫೋನಿನಲ್ಲಿ ಯಾರಿಗೂ ಓಟಿಪಿ ಓದಿ ಹೇಳಬೇಡಿ. ಪಿಎಫ್ ಖಾತೆಯಲ್ಲಿ ನಿಮ್ಮ ದುಡ್ಡಿದೆ, ಬರೀ ಹೆಸರಲ್ಲ. ಬ್ಯಾಂಕ್ ಕೆಲಸಕ್ಕೆ ಹೋಗುವವರು ಸಿಬಿಲ್ ವರದಿಯನ್ನು ಮೊದಲೇ ನೋಡಿಕೊಳ್ಳಿ, ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ.

ಆಫರ್ ಲೆಟರ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿರುತ್ತದೆ: ಹಿನ್ನೆಲೆ ಪರಿಶೀಲನೆ ತೃಪ್ತಿಕರವಾಗಿದ್ದರೆ ಮಾತ್ರ ಈ ನೇಮಕ ಊರ್ಜಿತ. ಅದನ್ನು ಓದದೆ ಇದ್ದ ಕೆಲಸ ಬಿಡುತ್ತಾರೆ. ವಿಚಾರಣೆ ಎಲ್ಲಿಗೆ ಬಂತು ಅಂತ ಮೇಲ್‌ನಲ್ಲಿ ಕೇಳಿ, ಆದಷ್ಟೂ ಮುಗಿದ ಮೇಲೆ ರಾಜೀನಾಮೆ ಕೊಡಿ. ಕಂಪನಿಯವರು "ಸೇರಿ, ಆಮೇಲೆ ನೋಡೋಣ" ಅಂದರೆ ನಿಮ್ಮ ಫಾರಂನಲ್ಲಿ ಏನು ದುರ್ಬಲ ಇದೆ ಅಂತ ಸೇರುವ ಮುಂಚೆಯೇ ಅವರಿಗೆ ಬರೆದು ತಿಳಿಸಿ. ಆಮೇಲೆ ರಿಪೋರ್ಟ್ ಬಂದಾಗ ಅವರಿಗೆ ಅದು ಹಳೆ ಸುದ್ದಿಯಾಗಿರುತ್ತದೆ.

ಏಜೆನ್ಸಿ ಬಿಡುವಾಗ ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಕೇಳಿ ತೆಗೆದುಕೊಳ್ಳಿ. ಬಿಟ್ಟು ಆರು ತಿಂಗಳಾದ ಮೇಲೆ ಕೇಳಿದರೆ ಫೋನೇ ಎತ್ತುವುದಿಲ್ಲ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕೆಂದಿದೆ. ಈಗ ಏಜೆನ್ಸಿಗೆ ಸೇರುವವರು ಮೊದಲ ದಿನವೇ ಅದನ್ನು ಕೇಳಬಹುದು.

ನಮ್ಮ ಓಣಿಯ ಹುಡುಗನ ವಿಷಯಕ್ಕೆ ಬರುತ್ತೇನೆ. ಅವತ್ತು ರಾತ್ರಿ ಕೂತು ಮೇಲ್ ಬರೆದೆವು. ಮೊದಲ ಸಾಲಿನಲ್ಲೇ ತಪ್ಪು ಒಪ್ಪಿಕೊಂಡೆವು: ಕೆಲಸದ ಜಾಗದ ಹೆಸರನ್ನು ಧಣಿಯ ಹೆಸರಿನ ಜಾಗದಲ್ಲಿ ಬರೆದಿದ್ದೇನೆ. ಆಮೇಲೆ ಏಜೆನ್ಸಿಯ ಹೆಸರು, ಸೇರಿದ ದಿನ, ಬಿಟ್ಟ ದಿನ. ಜೊತೆಗೆ ಸರ್ವಿಸ್ ಹಿಸ್ಟರಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಗೋದಾಮಿನ ಗೇಟ್‌ಪಾಸಿನ ಫೋಟೋ. ಅಳಲು ತೋಡಿಕೊಳ್ಳುವ ಸಾಲು ಒಂದೂ ಹಾಕಲಿಲ್ಲ. ಅವನು ಬರೆದಿದ್ದ, ನಾನು ಹೊಡೆದು ಹಾಕಿದೆ. ಏಜೆನ್ಸಿಯ ಬೆಂಗಳೂರಿನ ಆಫೀಸಿಗೆ ನಾಲ್ಕು ದಿನ ಬಿಡದೆ ಫೋನ್ ಮಾಡಿದ ಮೇಲೆ ಅವರೂ ಖಚಿತ ಮಾಡಿ ಉತ್ತರ ಕೊಟ್ಟರು. ಒಂಬತ್ತನೇ ದಿನ ಹಸಿರಾಯಿತು.

ಕೆಲಸಕ್ಕೆ ಸೇರಿದ ದಿನ ಹಳೆ ಯುಎಎನ್ ನಂಬರನ್ನೇ ಕೊಟ್ಟಿದ್ದಾನೆ, ಹೊಸದು ಮಾಡಿಸಲಿಲ್ಲ. ಹಳೆ ಏಜೆನ್ಸಿಯವರು ಮಾತ್ರ ಎಕ್ಸಿಟ್ ಡೇಟ್ ಇನ್ನೂ ಹಾಕಿಲ್ಲ. ಬರುವ ತಿಂಗಳಿಗೆ ಎರಡು ತಿಂಗಳು ತುಂಬುತ್ತದೆ. ಅವನೇ ಹಾಕಿಕೊಳ್ಳುತ್ತಾನಂತೆ.